ದಾರ ಕಡಿದ ಸದ್ದು

"ಕಣ್ಣು ಮುಚ್ಕೊ ಚಿನ್ನಿ. ಚುಚ್ಚಿದ ತಕ್ಷಣ ಹೇಳು," ಎಂದಳು ಬಟ್ಟೆ ಹೊಲಿಯುತ್ತಿದ್ದ ಅಮ್ಮ, ಮಗಳ ಎಡಪಾದವನ್ನು ತೊಡೆಯ ಮೇಲೆಳೆದುಕೊಂಡು.

ಸೊಳ್ಳೆ ಕಚ್ಚಿದರೂ ಮನೆಯೆಲ್ಲ ಕೇಳುವಂತೆ ಅರಚುತ್ತಿದ್ದ ಹುಡುಗಿಯ ಆ ಕಾಲು ಈಗ ಮರಗಟ್ಟಿತ್ತು. "ಪರೀಕ್ಷೇಲೆಲ್ಲ ಸರಿಯಾಗೇ ಇದೆಯಲ್ಲಮ್ಮ," ಎಂದು ಡಾಕ್ಟರುಗಳೂ ಕೈಚೆಲ್ಲಿದ್ದರು. ನಿನ್ನೆ ಸೂಜಿ ಚುಚ್ಚಿದರೂ ಮಗಳು ಮಿಸುಕಿರಲಿಲ್ಲ. ಅಮ್ಮ ಬಚ್ಚಲಿಗೆ ಹೋಗಿ, ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಹೊಲಿಯುತ್ತಿದ್ದ ಅಂಗಿಯಿಂದ ಸೂಜಿ ಬಿಡಿಸಿಕೊಳ್ಳಲು ಅವಳು ಎಂದಿನಂತೆ ದಾರವನ್ನು ಹಲ್ಲಿನಿಂದ ಟಕ್ಕನೆ ಕಡಿದಳು.

"ಸ್ಸ್... ನೋಯ್ತಮ್ಮ," ಎಂದಳು ಮಗಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ. "ನಿಜವಾಗ್ಲೂ ನೋಯ್ತು. ಇವತ್ತು ನಲ್ಲಿ ಬಿಡ್ಬೇಡ."

ಸೂಜಿ ಇನ್ನೂ ಅಮ್ಮನ ತುಟಿಯ ಬಳಿಯೇ ಇತ್ತು.