ಗಾಜಿನ ತೊಟ್ಟಿಯ ಮೀನು

ಫ್ಯಾಕ್ಟರಿ ಬಿಡುವ ನೀರಿನಿಂದ ಕೆರೆಯ ಮೀನೆಲ್ಲ ಸತ್ತವೆಂದು ಅವಳು ದೂರು ಕೊಟ್ಟಿದ್ದಳು. ವಿಚಾರಣೆಗೆ ಬಂದ ಅಧಿಕಾರಿ ಅವಳನ್ನು ಫ್ಯಾಕ್ಟರಿಯೊಳಗಿನ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದ.

“ಸರ್ಕಾರದ ಹೊಸ ನಿಯಮ ಕಣಮ್ಮ. ಹೊರಗೆ ಬಿಡೋ ನೀರಲ್ಲಿ ಮೀನು ಬದುಕಿ ತೋರಿಸ್ಬೇಕು. ನೋಡು, ಹೆಂಗೆ ಆಡ್ತಿವೆ!”

“ಹಂಗಾದ್ರೆ ನಮ್ಮ ಕೆರೆ ಮೀನು ನೇಣು ಹಾಕ್ಕೊಂಡ್ವಾ ಸ್ವಾಮಿ?”

“ಬಾಯಿ ಮುಚ್ಚು. ಇನ್ನೊಂದ್ಸಲ ಸುಳ್ಳು ದೂರು ಕೊಟ್ರೆ ನಿನ್ನ ಮೇಲೇ ಕೇಸು.”

ಅವಳು ಕುದಿಯುತ್ತಾ ಮನೆಗೆ ಬಂದಳು. ಕೆರೆ ಹಾಳಾದಾಗಿನಿಂದ ಬಲೆ ಮುಟ್ಟದಿದ್ದ ಗಂಡ ಇವತ್ತು ಒದ್ದೆ ಬಲೆಯನ್ನು ಒಣಹಾಕುತ್ತಿದ್ದ.

“ಕೆಲಸ ಸಿಕ್ತು ಕಣೇ! ಆಚೆ ತಾಲ್ಲೂಕಿನ ಕೆರೆಯಿಂದ ಜೀವಂತ ಮೀನು ತಂದ್ಕೊಡೋದು.”

“ಯಾರಿಗೆ?”

“ಫ್ಯಾಕ್ಟರಿಯೋರಿಗೆ. ಅದೇನೋ ಗಾಜಿನ ತೊಟ್ಟಿಯಂತೆ, ದಿನಾ ಬೆಳಿಗ್ಗೆ ಹೊಸ ಮೀನು ಬೇಕಂತೆ.”