ಮಂಚದ ಕೆಳಗೆ ಒಂಬತ್ತು ಹಾಡು

“ಇದಕ್ಕೂ ಹಾಡು ಅಂತಾರೇನೋ?” ಮಂಚದ ಕೆಳಗಿನಿಂದ ಅಕ್ಕ ಕಿರುಚಿದಳು. ಕಿವಿ ಮುಚ್ಚುವಂತೆ ಹೆಡ್‌ಫೋನು ಹಾಕಿಕೊಂಡಿದ್ದವಳಿಗೆ ತಾನು ಕಿರುಚುತ್ತಿರುವುದೇ ಗೊತ್ತಿರಲಿಲ್ಲ. “ತಗಡಿನ ಮೇಲೆ ಜಲ್ಲಿ ಸುರಿದ ಹಾಗಿದೆ! ಇವನಿಗೇನು ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿದ್ಯಾ?”

“ಮಾತಾಡಬೇಡ, ಅಲ್ಲಾಡಬೇಡ!” ನೆಲದ ಮೇಲೆ ಕೂತಿದ್ದ ತಮ್ಮನೂ ಕಿರುಚಿದ. ಅವನಿಗೆ ಕಾಣುತ್ತಿದ್ದದ್ದು ಹೊರಗೆ ಚಾಚಿಕೊಂಡಿದ್ದ ಅವಳ ಎರಡು ಪಾದಗಳು ಮಾತ್ರ. ಅವು ಒಂದು ಗಳಿಗೆ ಸುಮ್ಮನಿರಲಿಲ್ಲ.

ಮಾರನೆಯ ದಿನ ಸ್ಕ್ಯಾನಿಂಗು. ಕೆಲವು ತಿಂಗಳಿಂದ ಅಕ್ಕನಿಗೆ ತಲೆನೋವು, ಎಡಗೈಯಲ್ಲಿ ಹಿಡಿದದ್ದೆಲ್ಲ ಜಾರಿ ಬೀಳುವುದು. ತಲೆಯೊಳಗೆ ಏನಿದೆ ಎಂದು ನೋಡಲೇಬೇಕು ಎಂದಿದ್ದರು ಡಾಕ್ಟರು. ಇವಳೋ, ಎರಡು ಸಲ ಹೋಗಿ ಎರಡು ಸಲವೂ ಆ ಕೊಳವೆಯಂಥ ಯಂತ್ರದಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದಿದ್ದಳು. ಕೇಳಿದರೆ, “ಅದರ ಸದ್ದು ಕಣೋ, ಜೀವ ಬಾಯಿಗೆ ಬರುತ್ತೆ” ಎನ್ನುವುದು. ಟಿಕೆಟ್ ಕೌಂಟರಿನ ಗಾಜಿನ ಗೂಡಿನಲ್ಲಿ ಕೂತು ಇಡೀ ದಿನ ಜನರ ಕೂಗಾಟಕ್ಕೆ ಸೊಪ್ಪು ಹಾಕದ ಹೆಂಗಸು!

ಸದ್ದೇ ತಾನೇ ತೊಂದರೆ ಎಂದು ವೆಲ್ಡಿಂಗ್ ಕೆಲಸದ ತಮ್ಮ ತನಗೆ ತೋಚಿದ ಮದ್ದು ಹುಡುಕಿದ್ದ. ಮಂಚದ ಕೆಳಗಿನ ಟ್ರಂಕು ಎಳೆದುಹಾಕಿ, ಅಕ್ಕನನ್ನು ಅಲ್ಲಿ ಅಂಗಾತ ಮಲಗಿಸಿ, ತಾನು ಹಗಲಿರುಳು ಕೇಳುವ ಇಂಡಸ್ಟ್ರಿಯಲ್ ಮೆಟಲ್ ಆಲ್ಬಮ್ಮನ್ನು ಮೊದಲ ಹಾಡಿನಿಂದ ಹಚ್ಚಿದ್ದ. ಸುತ್ತಿಗೆ, ಗರಗಸ, ಗಿಟಾರು, ಅರಚಾಟ. ತಲೆನೋವಿನವಳಿಗೆ ಇಂಥ ಮದ್ದು ಅವನೊಬ್ಬನಿಗೇ ಹೊಳೆಯಬೇಕು. ಸಾಕೆನಿಸಿದರೆ ಹೊರಗೆ ಉರುಳಿಸಲಿ ಎಂದು ಅವಳ ಕೈಗೊಂದು ಚೆಂಡನ್ನೂ ಕೊಟ್ಟಿದ್ದ.

ಎರಡು ಹಾಡು ಮುಗಿದ ಮೇಲೆ ಅಕ್ಕ ಒಂದು ಕಿವಿಯ ಹೆಡ್‌ಫೋನು ಸರಿಸಿಕೊಂಡಳು. “ಇದೂ ಹಾಗೇ ಇದೆಯಲ್ಲೋ?”

“ಒಂಬತ್ತೂ ಸೇರಿ ಒಂದೇ ಕಥೆ ಅಕ್ಕ. ಒಬ್ಬ ಕೆಲಸಗಾರ ರಿಪೇರಿಗೆ ಅಂತ ದೊಡ್ಡ ಮೆಷೀನಿನ ಒಳಗೆ ಹೋಗಿರ್ತಾನೆ. ಹೊರಗಿದ್ದವರು ಗೊತ್ತಾಗದೆ ಸ್ವಿಚ್ ಹಾಕಿಬಿಡ್ತಾರೆ.”

“ಅಯ್ಯೋ ಪಾಪ! ಆಮೇಲೆ?”

ಸದ್ದು ನೋಡಿ ಆರಿಸಿದ್ದನೇ ಹೊರತು ಕಥೆಯ ಯೋಚನೆಯೇ ಬಂದಿರಲಿಲ್ಲ ಮಹಾಶಯನಿಗೆ. ಆ ಕೆಲಸಗಾರ ಹೊರಗೆ ಬರುವುದಿಲ್ಲ. ಕೊನೆಯ ಹಾಡಿನಲ್ಲಿ ಅವನ ದನಿಯೇ ಇಲ್ಲ, ಮೆಷೀನು ಮಾತ್ರ ಓಡುತ್ತದೆ.

“ಆಮೇಲೇನು, ಹೊರಗೆ ಬರ್ತಾನೆ. ನೀನು ಕೇಳು ಸುಮ್ನೆ.”

ಅಲ್ಲಿಂದ ಅಕ್ಕ ಕೇಳತೊಡಗಿದಳು. ನಡುನಡುವೆ “ಈಗ ಎಲ್ಲಿದಾನೋ?” ಎಂದು ಕೂಗುವಳು. “ಬರ್ತಿದಾನೆ, ಬರ್ತಿದಾನೆ” ಎಂದು ಇವನು ಹೆಬ್ಬೆರಳು ಕಚ್ಚಿಕೊಳ್ಳುವನು. ಐದನೆಯ ಹಾಡಿಗೆ ಚೆಂಡು ಮೆಲ್ಲಗೆ ಉರುಳಿ ಹೊರಗೆ ಬಂತು. ಅವನು ತಟ್ಟನೆ ಹಾಡು ನಿಲ್ಲಿಸಿದ.

“ಯಾಕೋ ನಿಲ್ಲಿಸ್ದೆ?”

“ನೀನೇ ಚೆಂಡು ಬಿಟ್ಯಲ್ಲ?”

“ನಾನೆಲ್ಲಿ ಬಿಟ್ಟೆ? ಕೈಯಲ್ಲೇ ಇದೆ.” ಒಳಗೆ ನೆಲ ತಡಕಾಡಿದಳು. “ಓ... ಎಡಗೈಲಿ ಹಿಡ್ಕೊಂಡಿದ್ನಾ. ಹೋಗ್ಲಿ, ನೀನು ಹಾಕು.”

ಅವನು ಹಾಕಿದ. ಚೆಂಡನ್ನು ಮತ್ತೆ ಅವಳ ಕೈಗೆ ಕೊಡಲು ಮನಸ್ಸಾಗಲಿಲ್ಲ. ಎದ್ದು ಕಿಟಕಿಯ ತನಕ ಹೋದ, ಬಂದ, ಕೂತ, ಮತ್ತೆ ಎದ್ದ.

ಒಂಬತ್ತನೆಯದೂ ಮುಗಿಯಿತು.

“ಕೊನೇಲಿ ಅವನ ದನಿನೇ ಇರ್ಲಿಲ್ಲ,” ಎಂದಳು ಅಕ್ಕ.

“ಹೊರಗೆ ಬಂದಾಯ್ತಲ್ಲ. ಇನ್ಯಾಕೆ ಕಿರುಚ್ತಾನೆ?” ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. “ಗೆದ್ದೆ ಬಿಡು. ಎದ್ದು ಬಾ, ಟೀ ಮಾಡ್ತೀನಿ.”

ಪಾದಗಳು ಕದಲಲಿಲ್ಲ.

“ಇನ್ನೊಂದ್ಸಲ ಹಾಕೋ.”

ತಮ್ಮ ಹಿರಿಹಿರಿ ಹಿಗ್ಗಿದ. “ನೋಡಿದ್ಯಾ, ನಿಂಗೂ ಹುಚ್ಚು ಹಿಡೀತು! ನಾಳೆ ಆ ಸದ್ದಿಗೆ ಹೆದರೋಳಲ್ಲ ನೀನು.”

“ಸದ್ದಿಗೆ ಯಾರು ಹೆದರಿದ್ರು?” ಅವಳ ದನಿ ಈಗ ತೀರ ಸಣ್ಣಗಿತ್ತು. “ಸದ್ದಾಗ್ತಿರೋ ತನಕ ಪರವಾಗಿಲ್ಲ ಕಣೋ. ಅದು ನಿಂತ ಮೇಲೆ ತಾನೇ ಡಾಕ್ಟ್ರು ಮಾತಾಡೋದು?”