ಚಿನ್ನ ಹಾಕುವ ಕೈ

"ಹಾಕ್ಬೇಡಿ ಮಾರಾಯ್ರೇ, ನೀವು ಹಾಕ್ಬೇಡಿ!"

ಮಂಗಳಾ ಕ್ರೀಡಾಂಗಣದ ಗ್ಯಾಲರಿಯಿಂದ ಬೀಫಾತಿಮ್ಮ ಕೂಗಿದ ರಭಸಕ್ಕೆ ಮುಖ್ಯ ಅತಿಥಿಯ ಕೈಯಲ್ಲಿದ್ದ ಚಿನ್ನದ ಪದಕ ಗಾಳಿಯಲ್ಲೇ ನಿಂತಿತು. ಓಟ ಗೆದ್ದ ಮೊಮ್ಮಗಳು ಮರ್ವಾ ಬಗ್ಗಿಸಿದ ತಲೆ ಎತ್ತಲಿಲ್ಲ. ಹುಡುಗಿಯರಿಗೆ ಓಟ ಎಂತಕ್ಕೆ ಎನ್ನುತ್ತಿದ್ದ ಅಜ್ಜಿ ಮೈದಾನಕ್ಕೆ ಕಾಲಿಟ್ಟದ್ದೇ ಇವತ್ತು. ಎಲ್ಲ ಮುಗೀತು ಅಂದುಕೊಂಡಳು ಮರ್ವಾ.

ಬೀಫಾತಿಮ್ಮ ಏದುಸಿರು ಬಿಡುತ್ತಾ ವೇದಿಕೆ ಹತ್ತಿದರು. "ಹುಡುಗಿಯ ಕುತ್ತಿಗೆಗೆ ಚಿನ್ನ ಹಾಕುವುದು ಹೆಂಗಸರು, ಗಂಡಸರಲ್ಲ. ನಮ್ಮಲ್ಲಿ ಹಾಗೆಯೇ. ಕೊಡಿ ಇಲ್ಲಿ."

"ಅದು ನಿಜವಾದ ಚಿನ್ನ ಅಲ್ಲ ಅಜ್ಜೀ, ಮೇಲಿನ ಹೊಳಪು ಮಾತ್ರ," ಮರ್ವಾ ಪಿಸುಗುಟ್ಟಿದಳು.

ಅಜ್ಜಿ ಪದಕವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಗೊತ್ತಾಯ್ತು. ಎಷ್ಟು ಮದುವೆಗಳಲ್ಲಿ ಚಿನ್ನ ಹಾಕಿದ ಕೈ ಇದು! ಆದ್ರೆ ಅದೆಲ್ಲ ಬೇರೆಯವರು ತಂದದ್ದು. ಇದು ನೀನೇ ಓಡಿ ತಂದದ್ದಲ್ವಾ?" ಎಂದು ಅವಳು ತಲೆಗೆ ಸುತ್ತಿದ್ದ ಶಾಲಿನ ಮೇಲೆ ಪದಕದ ಪಟ್ಟಿ ಸರಿಮಾಡಿ ಹಾಕಿಯೇಬಿಟ್ಟರು. ಗ್ಯಾಲರಿಯೆಲ್ಲ ಎದ್ದು ಶಿಳ್ಳೆ ಹೊಡೆಯಿತು.

ಪಕ್ಕದ ಮೆಟ್ಟಿಲಲ್ಲಿ ಎರಡನೇ ಸ್ಥಾನದ ಅಕ್ಷಿತಾ ನಿಂತಿದ್ದಳು. ಅತಿಥಿ ಬೆಳ್ಳಿ ಪದಕ ಎತ್ತಿಕೊಂಡರೂ ಅವಳು ಅವರತ್ತ ತಿರುಗಲೇ ಇಲ್ಲ. ಬೀಫಾತಿಮ್ಮನ ಮುಂದೆ ಕುತ್ತಿಗೆ ಬಗ್ಗಿಸಿದಳು.

"ಅಜ್ಜೀ, ನನಗೂ ನೀವೇ ಹಾಕಿ."